ಕುರುಗೋಡು: ಹಳೆಯ ಊರು ಮತ್ತು ದೇಗುಲಗಳು

ಕುರುಗೋಡು ಬಳ್ಳಾರಿ ಜಿಲ್ಲೆಯ ತಾಲ್ಲೂಕು ಕೇಂದ್ರ, ಕುಡತಿನಿಯ ಉತ್ತರಕ್ಕಿದೆ. 12ನೆಯ ಶತಮಾನದಲ್ಲಿ ಸಿಂದ ಮನೆತನದ ಒಂದು ಶಾಖೆ ಮೊದಲು ಕಲ್ಯಾಣ ಚಾಲುಕ್ಯರಿಗೆ, ಆಮೇಲೆ ಕಳಚುರಿಗಳಿಗೆ ಸಾಮಂತವಾಗಿ ಇಲ್ಲಿಂದ ಆಳಿತು. ಆ ಕಾಲದ ಶೈವ ದೇಗುಲಗಳು ಬೆಟ್ಟದ ಬುಡದ ಹಳೇ ಕುರುಗೋಡಿನಲ್ಲಿವೆ. ಸಿಂದ ಅರಸ ಎರಡನೆಯ ರಾಚಮಲ್ಲನ ಕಾಲದ ಶಾಸನ ಸ್ವಯಂಭು ಶಿವಾಲಯಕ್ಕೆ ಬಿಟ್ಟ ದತ್ತಿಗಳನ್ನು ಹೇಳುತ್ತದೆ. ಬೆಟ್ಟದ ಮೇಲೆ ಕೋಟೆಯ ಅವಶೇಷಗಳಿವೆ. ಈಗಿನ ಪಟ್ಟಣದ ಜೀವಾಳ ಮಾತ್ರ ದೊಡ್ಡಬಸವೇಶ್ವರ ಗುಡಿ. ಗರ್ಭಗುಡಿಯಲ್ಲಿ ಲಿಂಗವಲ್ಲ, ಸುಮಾರು 12 ಅಡಿ ಎತ್ತರದ ಏಕಶಿಲಾ ನಂದಿಯೇ ಮೂಲದೇವರು. ರಥೋತ್ಸವಕ್ಕೆ ಸುತ್ತಲ ಹಳ್ಳಿಗಳೆಲ್ಲ ಬರುತ್ತವೆ. ಈ ನಂದಿಯ ದರ್ಶನವಷ್ಟೇ ಮುಗಿಸಿ ಮರಳುವವರು ಹಳೇ ಊರನ್ನೂ ನಡೆದು ನೋಡಬೇಕು. ಸಿಂದರ ಕಾಲದ ಕಲ್ಲುಗೆಲಸ ಇರುವುದು ಅಲ್ಲಿ.