ಭೀಮೆಯ ನೀರು, ಮುಂಬಯಿಯ ದೀಪ

ಮೊನ್ನೆ ಏಳನೇ ಇಯತ್ತೆಯ ವರ್ಗದಲ್ಲಿ ಭೀಮಾ ನದಿಯ ಪಾಠ ನಡೆದಿತ್ತು. ಒಬ್ಬ ಹುಡುಗ ಎದ್ದು ನಿಂತು, "ಸರ್, ನಕಾಶೆದಾಗ ಆಂಧ್ರಾ ನದಿ ಅಂತ ಐತ್ರಿ. ಆಂಧ್ರಪ್ರದೇಶದ ನದಿ ಪುಣೆ ಹತ್ತಿರ ಹ್ಯಾಂಗ ಬಂತ್ರಿ?" ಅಂದ. ವರ್ಗವೆಲ್ಲ ನಕ್ಕಿತು. ಆದರೆ ಪ್ರಶ್ನೆ ಒಳ್ಳೆಯದೇ. ಈ ಆಂಧ್ರಾಕ್ಕೂ ಆಂಧ್ರಪ್ರದೇಶಕ್ಕೂ ಸಂಬಂಧವಿಲ್ಲ, ಅದು ಇಂದ್ರಾಯಣಿಯನ್ನು ಸೇರುವ ಒಂದು ಚಿಕ್ಕ ಹೊಳೆ. ಇಂದ್ರಾಯಣಿ ಭೀಮೆಗೆ, ಭೀಮೆ ಪಂಢರಪುರ ದಾಟಿ ನಮ್ಮ ಕಡೆಗೆ. ಆ ಚಿಕ್ಕ ಹೊಳೆಯ ಹೆಸರಿನಲ್ಲಿ ಒಂದು ದೊಡ್ಡ ವಿದ್ಯುತ್ ಕಂಪನಿಯೇ ಇತ್ತು. ಆ ಕಥೆ ಹೇಳಬೇಕೆನಿಸಿತು.

ನೂರು ವರ್ಷಗಳ ಹಿಂದೆ ಮುಂಬಯಿಯ ಬಟ್ಟೆ ಗಿರಣಿಗಳು ಕಲ್ಲಿದ್ದಲ ಉಗಿಯಿಂದ ನಡೆಯುತ್ತಿದ್ದವು. ಕಲ್ಲಿದ್ದಲು ದೂರದಿಂದ ಬರಬೇಕು, ಖರ್ಚು ವಿಪರೀತ, ಊರ ತುಂಬ ಹೊಗೆ. ಇತ್ತ ಲೋಣಾವಳದ ಘಟ್ಟದ ನೆತ್ತಿಯ ಮೇಲೆ ನಾಲ್ಕು ತಿಂಗಳು ಧೋ ಎಂದು ಮಳೆ. ಆ ನೀರನ್ನು ಕಟ್ಟಿ ನಿಲ್ಲಿಸಿ ಘಟ್ಟದ ಕೆಳಗೆ ಬೀಳಿಸಿದರೆ ಗಿರಣಿ ನಡೆದೀತು ಎಂಬ ಕನಸು ಜಮ್‌ಶೇಟ್‌ಜಿ ಟಾಟಾ ಅವರದು. 1904ರಲ್ಲಿ ಅವರು ತೀರಿಕೊಂಡರು, ಕನಸು ಮಕ್ಕಳ ಪಾಲಿಗೆ ಬಂತು. 1910ರಲ್ಲಿ ಟಾಟಾ ಹೈಡ್ರೋ-ಎಲೆಕ್ಟ್ರಿಕ್ ಕಂಪನಿ ಹುಟ್ಟಿತು, 1915ರಲ್ಲಿ ಖೋಪೋಲಿಯಿಂದ ಮುಂಬಯಿಗೆ ಕರೆಂಟು ಹರಿಯಿತು. (ಮೈಸೂರು ಸಂಸ್ಥಾನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಕರೆಂಟು ಕೊಟ್ಟಿತ್ತು. ಇದನ್ನು ಹೇಳದೇ ಮುಂದೆ ಹೋಗಲು ಕನ್ನಡ ಮಾಸ್ತರನಿಗೆ ಮನಸ್ಸು ಬರುವುದಿಲ್ಲ!)

ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದ್ದು ನೀರಿನ ದಿಕ್ಕು. ಆ ನೀರಿನ ಸಹಜ ಇಳಿಜಾರು ಪೂರ್ವಕ್ಕೆ, ಅಂದರೆ ಭೀಮೆಗೆ. ಕಂಪನಿ ಅದನ್ನು ಅಣೆಕಟ್ಟಿನಿಂದ ತಡೆದು, ಘಟ್ಟದ ಅಂಚಿನವರೆಗೆ ಒಯ್ದು, ಕೊಳವೆಗಳಲ್ಲಿ ಐನೂರು ಮೀಟರಿಗೂ ಹೆಚ್ಚು ಕೆಳಗೆ ಪಶ್ಚಿಮಕ್ಕೆ ಬೀಳಿಸಿತು. ಚಕ್ರ ತಿರುಗಿಸಿದ ನೀರು ಕೊಂಕಣದ ಪಾತಾಳಗಂಗೆಗೆ ಸೇರಿ ಸಮುದ್ರಕ್ಕೆ ಹೋಯಿತು. ಮರಳಿ ಘಟ್ಟ ಹತ್ತಲಿಲ್ಲ.

ಗಿರಣಿಗಳ ಹಸಿವು ತೀರಲಿಲ್ಲ. 1916ರಲ್ಲಿ ಆಂಧ್ರಾ ವ್ಯಾಲಿ ಪವರ್ ಸಪ್ಲೈ ಎಂಬ ಎರಡನೇ ಕಂಪನಿ ಹುಟ್ಟಿತು, ನಮ್ಮ ಹುಡುಗ ಕೇಳಿದ ಹೊಳೆಯ ಹೆಸರಿನದು. ಅದರ ಭಿವಪುರಿ ಕೇಂದ್ರ 1922ರಲ್ಲಿ ಶುರುವಾಯಿತು. ಮೂರನೆಯದು 1919ರ ಟಾಟಾ ಪವರ್. ಅದು ಮುಳಾ ನದಿಗೆ ಮುಳಶಿಯಲ್ಲಿ ಅಣೆಕಟ್ಟು ಕಟ್ಟಲು ಹೊರಟಿತು.

ಅಲ್ಲಿ ಜನ ಎದ್ದು ನಿಂತರು. ಮುಳುಗಬೇಕಾದ ಹಳ್ಳಿಗಳು ಹತ್ತಿರಹತ್ತಿರ ಐವತ್ತು. ಅಲ್ಲಿಯ ಮಾವಳಿ ರೈತರ ಭತ್ತದ ಗದ್ದೆಗಳನ್ನು ಸರಕಾರ ಭೂಸ್ವಾಧೀನ ಕಾಯಿದೆಯ ಮೂಲಕ ಕಂಪನಿಗೆ ಕೊಡಿಸಿತು. 1921ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಪಾಂಡುರಂಗ ಮಹಾದೇವ ಬಾಪಟ್ ಮುಂದಾಳು. ಸೇನಾಪತಿ ಎಂಬ ಬಿರುದು ಅವರಿಗೆ ಬಂದದ್ದು ಈ ಹೋರಾಟದಿಂದಲೇ. ಹೆಂಗಸರು, ಮಕ್ಕಳು ಸಹ ಕೆಲಸದ ಜಾಗದಲ್ಲಿ ಕುಳಿತರು, ಜೈಲಿಗೆ ಹೋದರು. ಆದರೆ ಆ ಜಮೀನಿನ ಮೇಲೆ ಹಕ್ಕಿದ್ದ ಸಾಹುಕಾರರು ಹಲವರಿಗೆ ಪರಿಹಾರದ ಹಣವೇ ಸಾಕಾಗಿತ್ತು. ಒಗ್ಗಟ್ಟು ಒಡೆಯಿತು, 1924ರ ಹೊತ್ತಿಗೆ ಚಳುವಳಿ ತಣ್ಣಗಾಯಿತು. ಅಣೆಕಟ್ಟು ಎದ್ದಿತು. 1927ರಲ್ಲಿ ಭಿರಾ ಕೇಂದ್ರದ ಕರೆಂಟು ಮುಂಬಯಿ ಸೇರಿತು. ನಮ್ಮ ದೇಶದಲ್ಲಿ ಅಣೆಕಟ್ಟಿನ ವಿರುದ್ಧ ನಡೆದ ಮೊದಮೊದಲ ಹೋರಾಟಗಳಲ್ಲಿ ಇದೊಂದು. ನನ್ನ ಮಟ್ಟಿಗೆ ಜಮ್‌ಶೇಟ್‌ಜಿಯ ಕನಸಿನಷ್ಟೇ ಜಾಗ ಮುಳಶಿಗೂ ಪಾಠದಲ್ಲಿ ಸಿಗಬೇಕು.

ಕಾಗದದ ಮೇಲೆ ಕಂಪನಿಗಳು ಮೂರು, ಬೇರೆ ಬೇರೆ ಷೇರುದಾರರು. ಆದರೆ 1929ರಿಂದ ಅವುಗಳ ಆಡಳಿತವೆಲ್ಲ ಟಾಟಾ ಹೈಡ್ರೋ-ಎಲೆಕ್ಟ್ರಿಕ್ ಏಜೆನ್ಸೀಸ್ ಎಂಬ ಒಂದೇ ಸಂಸ್ಥೆಯ ಕೈಯಲ್ಲಿ. ಮೂರು ಹೊಲ, ಒಬ್ಬನೇ ಒಕ್ಕಲಿಗ ಎಂದುಕೊಳ್ಳಿ. ಮಳೆಯ ನೀರಿಗೂ ಮಿತಿ ಇದೆಯಲ್ಲ, ಬೇಡಿಕೆ ಏರಿದಾಗ 1956ರಲ್ಲಿ ಟ್ರಾಂಬೆಯಲ್ಲಿ ಉಷ್ಣ ವಿದ್ಯುತ್ ಕೇಂದ್ರ ಬಂತು. ಹೊಗೆ ಬೇಡವೆಂದು ನೀರಿಗೆ ಹೋದವರು ಮತ್ತೆ ಬೆಂಕಿಗೇ ಬಂದರು. ಸ್ವಾತಂತ್ರ್ಯಾನಂತರ ಬಹಳಷ್ಟು ಕಡೆ ವಿದ್ಯುತ್ ಸರಕಾರಿ ಮಂಡಳಿಗಳ ಕೈಗೆ ಹೋದರೂ ಇವು ಖಾಸಗಿಯಾಗಿಯೇ ಉಳಿದವು. 2000ದಲ್ಲಿ ಮೂರೂ ಸೇರಿ ಟಾಟಾ ಪವರ್ ಎಂಬ ಒಂದೇ ಕಂಪನಿಯಾಯಿತು. ಆಂಧ್ರಾ ಹೊಳೆಯ ಹೆಸರು ಆಗಲೇ ಅಳಿಸಿಹೋಯಿತು.

ನೀರಿನ ಲೆಕ್ಕ ಮಾತ್ರ ಮುಗಿದಿಲ್ಲ. ಕೃಷ್ಣಾ ನ್ಯಾಯಾಧಿಕರಣ, ಬಚಾವತ್ ತೀರ್ಪು ಎನ್ನುತ್ತೇವಲ್ಲ, ಅದು ಮೇಲ್ಭೀಮೆಯಿಂದ ಈ ಕೇಂದ್ರಗಳ ಕಡೆ ಒಂದು ವರ್ಷದಲ್ಲಿ 54.5 ಟಿಎಂಸಿ, ಸತತ ಐದು ವರ್ಷಗಳಲ್ಲಿ 212 ಟಿಎಂಸಿ ಮೀರಿ ತಿರುಗಿಸಬಾರದೆಂದು ಮಿತಿ ಹಾಕಿತು. ಇದು ಮಹಾರಾಷ್ಟ್ರದ ಪಾಲಿನೊಳಗಿನ ನೀರು, ಹಾಗಾಗಿ ಇದು ಎರಡು ರಾಜ್ಯಗಳ ಜಗಳವಷ್ಟೇ ಅಲ್ಲ. ಉಜನಿ ಅಣೆಕಟ್ಟು ಬರಿದಾದ ವರ್ಷ ಆ ನೀರನ್ನು ಪೂರ್ವಕ್ಕೆ ಬಿಡಿ ಎಂಬ ಕೂಗು ನಮ್ಮ ಸೋಲಾಪುರ ಜಿಲ್ಲೆಯಲ್ಲೇ ಏಳುತ್ತದೆ. ಕೆಳಗೆ ಅಫಜಲಪುರ, ಗಾಣಗಾಪುರದವರೂ ಅದೇ ಹೊಳೆಯ ದಂಡೆಯವರು.

ಮರುದಿನ ನಕಾಶೆ ತೆಗೆಸಿ ಮಕ್ಕಳಿಂದ ನೀರಿನ ದಾರಿಗೆ ಬಾಣದ ಗುರುತು ಹಾಕಿಸಿದೆ. ಆ ಹುಡುಗ ಲೋಣಾವಳದ ಹತ್ತಿರ ಎರಡು ಬಾಣ ಹಾಕಿದ್ದ, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. "ಯಾವುದು ಖರೇ ಸರ್?" ಅಂದ. ಎರಡೂ ಇರಲಿ ಅಂದೆ.