ಕಾಮನಬಿಲ್ಲಿನ ಮಾತ್ರೆಗಳು: ತೂಕ ಇಳಿಸುವ ಔಷಧಗಳ ಕಥೆ

1968ರ ಜನವರಿಯಲ್ಲಿ ಅಮೆರಿಕದ 'ಲೈಫ್' ವಾರಪತ್ರಿಕೆಯಲ್ಲಿ ಒಂದು ವರದಿ ಪ್ರಕಟವಾಯಿತು. ಬರೆದವರು ಸುಸಾನಾ ಮೆಕ್‌ಬೀ ಎಂಬ ಪತ್ರಕರ್ತೆ. ತೂಕ ಇಳಿಸುವುದನ್ನೇ ವೃತ್ತಿ ಮಾಡಿಕೊಂಡಿದ್ದ ಹತ್ತು ಮಂದಿ ವೈದ್ಯರ ಬಳಿಗೆ ಅವರು ಸಾಮಾನ್ಯ ರೋಗಿಯಂತೆ ಹೋಗಿ ಬಂದಿದ್ದರು. ಅವರದು ತೆಳು ಮೈಕಟ್ಟು. ಔಷಧ ಕೊಟ್ಟು ಇಳಿಸಬೇಕಾದಷ್ಟು ತೂಕವೇ ಅವರಲ್ಲಿ ಇರಲಿಲ್ಲ. ಆದರೂ ಆ ಸುತ್ತಾಟ ಮುಗಿಯುವ ವೇಳೆಗೆ ಅವರ ಕೈಯಲ್ಲಿ ಸುಮಾರು ಒಂದೂವರೆ ಸಾವಿರ ಮಾತ್ರೆಗಳಿದ್ದವು! ಕೆಂಪು, ಹಳದಿ, ನೀಲಿ, ಹಸಿರು - ಹೀಗೆ ಬಣ್ಣ ಬಣ್ಣದವು. ಜನ ಅವನ್ನು 'ಕಾಮನಬಿಲ್ಲಿನ ಮಾತ್ರೆ'ಗಳೆಂದು ಕರೆಯುತ್ತಿದ್ದರು.

ಆ ಮಾತ್ರೆಗಳಲ್ಲಿ ಏನಿತ್ತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅದಕ್ಕೂ ಮೊದಲು ಒಂದು ಚಿಕ್ಕ ಲೆಕ್ಕ ಮಾಡೋಣ.

160 ಸೆಂಟಿಮೀಟರ್ ಎತ್ತರದ, 58 ಕಿಲೋಗ್ರಾಂ ತೂಕದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ ಸಿಗುತ್ತದೆ. ಈಕೆಯದು ಸುಮಾರು 22.7, ಅಂದರೆ ಆರೋಗ್ಯಕರ ಮಿತಿಯೊಳಗೇ ಇದೆ. ಆದರೂ ಆಕೆಗೆ 'ಒಂದು ನಾಲ್ಕು ಕಿಲೋ' ಇಳಿಸುವ ಆಸೆ. ದೇಹದ ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿರುತ್ತದೆ. ನಾಲ್ಕು ಕಿಲೋಗೆ 30,800. ದಿನಕ್ಕೆ 250 ಕಿಲೋಕ್ಯಾಲೊರಿ ಕಡಿಮೆ ತಿಂದರೆ ಇದು ಕರಗಲು ನಾಲ್ಕು ತಿಂಗಳು ಬೇಕು. ವಾಸ್ತವದಲ್ಲಿ ಇನ್ನೂ ಹೆಚ್ಚು. ಏಕೆಂದರೆ ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ.

ಹಾಗಿದ್ದರೆ ಒಂದೇ ವಾರದಲ್ಲಿ ಎರಡು ಕಿಲೋ ಇಳಿಯಿತು ಎನ್ನುವವರ ಮಾತು ಸುಳ್ಳೇ? ಸುಳ್ಳಲ್ಲ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋದಷ್ಟು ಗ್ಲೈಕೊಜೆನ್ ಸಂಗ್ರಹವಾಗಿರುತ್ತದೆ. ಪ್ರತಿ ಗ್ರಾಂ ಗ್ಲೈಕೊಜೆನ್ ಜೊತೆಗೆ ಸುಮಾರು ಮೂರು ಗ್ರಾಂ ನೀರಿರುತ್ತದೆ. ಊಟ ಕಡಿಮೆಯಾದೊಡನೆ ಮೊದಲು ಖರ್ಚಾಗುವುದು ಇದು. ಅದರೊಡನೆ ನೀರೂ ಹೊರಟುಹೋಗುತ್ತದೆ. ಮತ್ತೆ ಎರಡು ದಿನ ಹೊಟ್ಟೆ ತುಂಬ ಉಂಡರೆ ಮುಳ್ಳು ಹಿಂದಿನ ಜಾಗಕ್ಕೇ ಬಂದು ನಿಲ್ಲುತ್ತದೆ. ನೂರಿಪ್ಪತ್ತು ಕಿಲೋ ತೂಗುವವರಲ್ಲಿ ಈ ಏರಿಳಿತ ಲೆಕ್ಕಕ್ಕೆ ಬಾರದು. ನಾಲ್ಕು ಕಿಲೋ ಇಳಿಸಬೇಕೆನ್ನುವವರಿಗೆ ಇದೇ ಅರ್ಧ ಗೆಲುವಿನಂತೆ ಕಾಣುತ್ತದೆ. ನೀರನ್ನಷ್ಟೇ ಹೊರಹಾಕುವ ಔಷಧಕ್ಕೂ ಕೊಬ್ಬು ಕರಗಿಸಿದ ಕೀರ್ತಿ ಬರುವುದು ಹೀಗೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತೂಕ ಇಳಿಸಲು ಮೊದಲು ವ್ಯಾಪಕವಾಗಿ ಬಳಕೆಯಾದ ಔಷಧ ಥೈರಾಯಿಡ್ ಗ್ರಂಥಿಯ ಸಾರ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಥೈರಾಯಿಡ್ ಕೊರತೆಯಿಂದ ಬಳಲುತ್ತಿದ್ದ ರೋಗಿಗೆ ಕುರಿಯ ಥೈರಾಯಿಡ್ ಸಾರ ಕೊಟ್ಟು ಗುಣಪಡಿಸಿದ್ದರು. ವೈದ್ಯಕೀಯದಲ್ಲಿ ಅದೊಂದು ದೊಡ್ಡ ಸಾಧನೆ. ಕೆಲವೇ ವರ್ಷಗಳಲ್ಲಿ ಅದನ್ನು ಕೊರತೆ ಇಲ್ಲದವರೂ ಸಣ್ಣಗಾಗಲು ನುಂಗತೊಡಗಿದರು. ಥೈರಾಯಿಡ್ ಹಾರ್ಮೋನು ಹೆಚ್ಚಾದರೆ ಚಯಾಪಚಯದ ವೇಗ ಏರುವುದು ನಿಜ. ಆದರೆ ಕರಗುವುದು ಕೊಬ್ಬು ಮಾತ್ರವಲ್ಲ, ಸ್ನಾಯುವೂ ಕರಗುತ್ತದೆ, ಹೃದಯ ಓಡತೊಡಗುತ್ತದೆ.

ಮುಂದಿನ ಅಧ್ಯಾಯ ಶುರುವಾದದ್ದು ಮದ್ದುಗುಂಡಿನ ಕಾರ್ಖಾನೆಯಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಸ್ಫೋಟಕಗಳ ತಯಾರಿಕೆಗೆ ಡೈನೈಟ್ರೊಫಿನಾಲ್ ಎಂಬ ಹಳದಿ ರಾಸಾಯನಿಕವನ್ನು ಬಳಸುತ್ತಿದ್ದರು. ಅದರ ದೂಳಿನಲ್ಲಿ ದುಡಿದ ಕಾರ್ಮಿಕರು ವಿಪರೀತ ಬೆವರುತ್ತಿದ್ದರು, ಸೊರಗುತ್ತಿದ್ದರು. ಕೆಲವರು ಮೈ ಸುಡುವಂಥ ಜ್ವರ ಬಂದು ಸತ್ತೇಹೋದರು. (ರಸಾಯನ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಮಾತು. ಆಲ್ಡಿಹೈಡು ಮತ್ತು ಕೀಟೋನುಗಳನ್ನು ಗುರುತಿಸಲು ಪ್ರಯೋಗಾಲಯದಲ್ಲಿ ನೀವು '2,4-ಡಿಎನ್‌ಪಿ ಪರೀಕ್ಷೆ' ಮಾಡುತ್ತೀರಲ್ಲ, ಅಲ್ಲಿ ಬಳಸುವುದು ಡೈನೈಟ್ರೊಫಿನೈಲ್ ಹೈಡ್ರಜೀನ್. ಹೆಸರು ಒಂದೇ ಆದರೂ ವಸ್ತು ಬೇರೆ.)

1933ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರಿಸ್ ಟೈಂಟರ್ ಮತ್ತು ವಿಂಡ್ಸರ್ ಕಟಿಂಗ್ ಈ ರಾಸಾಯನಿಕವನ್ನು ಮನುಷ್ಯರಿಗೆ ಅಲ್ಪ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಚಯಾಪಚಯದ ದರ ಅರ್ಧದಷ್ಟು ಹೆಚ್ಚಿತು. ಆಹಾರದಲ್ಲಿ ಬದಲಾವಣೆ ಮಾಡದೆಯೇ ವಾರಕ್ಕೆ ಸುಮಾರು ಒಂದು ಕಿಲೋ ತೂಕ ಇಳಿಯಿತು. ಸುದ್ದಿ ಹಬ್ಬಲು ತಡವಾಗಲಿಲ್ಲ. ವೈದ್ಯರ ಚೀಟಿಯ ಅಗತ್ಯವೂ ಇರಲಿಲ್ಲ. ನಾನಾ ಹೆಸರಿನಲ್ಲಿ ಅಂಗಡಿಗಳಲ್ಲಿ ಮಾರಾಟವಾಯಿತು. ಅಮೆರಿಕದಲ್ಲಿ ಒಂದು ಲಕ್ಷ ಜನರಾದರೂ ಇದನ್ನು ಸೇವಿಸಿರಬೇಕು ಎಂದು ಮರುವರ್ಷ ಟೈಂಟರ್ ಅವರೇ ಅಂದಾಜು ಮಾಡಿದರು.

ಡೈನೈಟ್ರೊಫಿನಾಲ್ ಕೆಲಸ ಮಾಡುವ ಬಗೆ ಆಗ ಯಾರಿಗೂ ಸ್ಪಷ್ಟವಿರಲಿಲ್ಲ. ಅದಕ್ಕೆ ಪೂರ್ಣ ವಿವರಣೆ ಸಿಕ್ಕಿದ್ದು 1961ರಲ್ಲಿ ಪೀಟರ್ ಮಿಚೆಲ್ ಮಂಡಿಸಿದ ಸಿದ್ಧಾಂತದಿಂದ. ಅದಕ್ಕೆ 1978ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಜೀವಕೋಶದ ಮೈಟೊಕಾಂಡ್ರಿಯವನ್ನು ಜಲವಿದ್ಯುತ್ ಯೋಜನೆಗೆ ಹೋಲಿಸಬಹುದು. ಆಹಾರ ಉತ್ಕರ್ಷಣಗೊಂಡಾಗ ಸಿಗುವ ಶಕ್ತಿಯಿಂದ ಪ್ರೋಟಾನುಗಳು ಒಳಪೊರೆಯ ಒಂದು ಬದಿಗೆ ಪಂಪಾಗುತ್ತವೆ. ಇದು ಅಣೆಕಟ್ಟೆಯ ಹಿಂದೆ ನಿಂತ ನೀರಿದ್ದಂತೆ. ಆ ಪ್ರೋಟಾನುಗಳು ಒಂದು ಕಿಣ್ವದ ಮೂಲಕವೇ ಹಿಂದಿರುಗಬೇಕು. ಹಿಂದಿರುಗುವಾಗ ಟರ್ಬೈನು ತಿರುಗಿದಂತೆ ಆ ಕಿಣ್ವ ತಿರುಗಿ ಎಟಿಪಿ ತಯಾರಾಗುತ್ತದೆ. ಡೈನೈಟ್ರೊಫಿನಾಲ್ ಅಣು ಪ್ರೋಟಾನನ್ನು ಹೊತ್ತು ನೇರವಾಗಿ ಪೊರೆಯನ್ನು ದಾಟಿಬಿಡುತ್ತದೆ. ಕಟ್ಟೆಗೆ ತೂತು ಬಿದ್ದಂತಾಯಿತು. ನೀರು ಹರಿಯುತ್ತದೆ, ಟರ್ಬೈನು ತಿರುಗುವುದಿಲ್ಲ. ಎಟಿಪಿ ಸಾಲದೆಂದು ಕೋಶ ಇನ್ನಷ್ಟು ಆಹಾರವನ್ನು ಉರಿಸುತ್ತದೆ. ಆ ಶಕ್ತಿಯೆಲ್ಲ ಶಾಖವಾಗುತ್ತದೆ.

ತೂಕ ಇಳಿಯುವುದೂ ಮೈ ಬಿಸಿಯಾಗುವುದೂ ಇಲ್ಲಿ ಒಂದೇ ಕ್ರಿಯೆಯ ಎರಡು ಮುಖಗಳು. ಬಿಸಿ ಏರುವುದು ಈ ಔಷಧದ ಅಡ್ಡಪರಿಣಾಮವಲ್ಲ, ಅದರ ಪರಿಣಾಮವೇ ಅದು. ಸೋಂಕಿನಿಂದ ಜ್ವರ ಬಂದಾಗ ಮಿದುಳಿನ ಉಷ್ಣನಿಯಂತ್ರಕ ತನ್ನ ಗುರಿಯನ್ನು ಮೇಲಕ್ಕೆ ಸರಿಸಿರುತ್ತದೆ. ಪ್ಯಾರಾಸಿಟಮಾಲ್ ಅದನ್ನು ಕೆಳಕ್ಕೆ ತರುತ್ತದೆ. ಇಲ್ಲಿ ನಿಯಂತ್ರಕ ಸರಿಯಾಗಿಯೇ ಇದೆ, ಒಲೆ ಮಾತ್ರ ಕೈಮೀರಿ ಉರಿಯುತ್ತಿದೆ. ಜ್ವರದ ಮಾತ್ರೆಯಿಂದ ಪ್ರಯೋಜನವಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಆಸ್ಪಿರಿನ್ ಕೊಟ್ಟರಂತೂ ಅದೂ ಕಟ್ಟೆಗೆ ತೂತು ಕೊರೆಯುವ ವಸ್ತುವೇ. ಈ ವಿಷಕ್ಕೆ ಪ್ರತಿವಿಷ ಇಲ್ಲ.

1935ರಲ್ಲಿ ಇನ್ನೊಂದು ತೊಂದರೆ ಬೆಳಕಿಗೆ ಬಂತು. ಈ ಮಾತ್ರೆ ನುಂಗಿದ ಹೆಂಗಸರಲ್ಲಿ ಕಣ್ಣಿನ ಪೊರೆ ಕಾಣಿಸಿಕೊಳ್ಳತೊಡಗಿತು. ವಯಸ್ಸಾದವರಿಗೆ ಬರುವ ಕಾಯಿಲೆ ಯುವತಿಯರಿಗೆ ಬಂದಿತ್ತು, ಅದೂ ಎರಡೂ ಕಣ್ಣಿಗೆ, ಬಹಳ ವೇಗವಾಗಿ. ಕೆಲವರಲ್ಲಿ ಮಾತ್ರೆ ನಿಲ್ಲಿಸಿ ಎಷ್ಟೋ ತಿಂಗಳ ಮೇಲೆ.

ಸರ್ಕಾರ ಏಕೆ ತಡೆಯಲಿಲ್ಲ ಎಂದು ನೀವು ಕೇಳಬಹುದು. ಉತ್ತರ ವಿಚಿತ್ರವಾಗಿದೆ. ಆಗ ಜಾರಿಯಲ್ಲಿದ್ದ 1906ರ ಕಾಯಿದೆಯ ಪ್ರಕಾರ 'ಔಷಧ' ಎಂದರೆ ರೋಗವನ್ನು ಗುಣಪಡಿಸಲು ಅಥವಾ ತಡೆಯಲು ಬಳಸುವ ವಸ್ತು. ದಪ್ಪಗಿರುವುದು ರೋಗವೆಂದು ಎಣಿಕೆಯಾಗಿರಲಿಲ್ಲ. ಆದ್ದರಿಂದ ತೂಕ ಇಳಿಸುವ ಮಾತ್ರೆ ಔಷಧವೂ ಅಲ್ಲ! ರೋಗವಿಲ್ಲದವರು ನುಂಗುವ ವಸ್ತುವಿಗೆ ಹೆಚ್ಚು ಕಟ್ಟುನಿಟ್ಟು ಬೇಕಿತ್ತು; ಕಾನೂನಿನಲ್ಲಿ ಇದ್ದದ್ದು ಅದಕ್ಕೆ ತದ್ವಿರುದ್ಧ. 1937ರಲ್ಲಿ ಸಲ್ಫನಿಲಮೈಡ್ ದ್ರಾವಣವೊಂದು ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮೇಲೆ, 1938ರಲ್ಲಿ ಹೊಸ ಕಾಯಿದೆ ಬಂತು. ದೇಹದ ರಚನೆ ಅಥವಾ ಕ್ರಿಯೆಯನ್ನು ಬದಲಿಸುವ ವಸ್ತುಗಳೂ ಅದರ ವ್ಯಾಪ್ತಿಗೆ ಸೇರಿದವು. ಡೈನೈಟ್ರೊಫಿನಾಲ್ ಮನುಷ್ಯರ ಸೇವನೆಗೆ ತಕ್ಕದ್ದಲ್ಲ ಎಂದು ಘೋಷಿಸಲಾಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಪುಡಿಯ ರೂಪದಲ್ಲಿ ಅದು ಗುಟ್ಟಾಗಿ ಮಾರಾಟವಾಗುತ್ತಲೇ ಬಂತು. ಬ್ರಿಟನ್ನಿನಲ್ಲಿ ಯುವಜನರ ಸಾವುಗಳು ವರದಿಯಾದವು. 2023ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಯಂತ್ರಿತ ವಿಷಗಳ ಪಟ್ಟಿಗೆ ಸೇರಿಸಿತು.

ಡೈನೈಟ್ರೊಫಿನಾಲ್ ಬಿಟ್ಟುಹೋದ ಜಾಗಕ್ಕೆ ಬಂದದ್ದು ಆಂಫೆಟಮೀನ್. 1887ರಲ್ಲೇ ಸಂಶ್ಲೇಷಿಸಲಾಗಿದ್ದ ಈ ವಸ್ತು 1930ರ ದಶಕದಲ್ಲಿ 'ಬೆಂಜೆಡ್ರಿನ್' ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮೊದಲು ಕಟ್ಟಿದ ಮೂಗಿಗೆ, ಬಳಿಕ ಅತಿನಿದ್ರೆಯ ಕಾಯಿಲೆಗೆ. ಅದನ್ನು ತೆಗೆದುಕೊಂಡವರಿಗೆ ಹಸಿವು ಇಂಗುತ್ತದೆ ಎಂಬುದು ಗೊತ್ತಾಗಲು ಬಹಳ ದಿನ ಹಿಡಿಯಲಿಲ್ಲ. ಜೊತೆಗೆ ಉತ್ಸಾಹ, ಲವಲವಿಕೆ. ತೂಕ ಇಳಿಸುವ ಔಷಧಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ? ಆದರೆ ಕೆಲವು ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹಸಿವು ಮರಳುತ್ತದೆ, ಚಟ ಉಳಿಯುತ್ತದೆ.

ಈಗ ಕಾಮನಬಿಲ್ಲಿನ ಮಾತ್ರೆಗಳಿಗೆ ಬರೋಣ. ಆಂಫೆಟಮೀನ್, ಥೈರಾಯಿಡ್, ಮೂತ್ರವರ್ಧಕ, ಭೇದಿಯ ಮಾತ್ರೆ, ಡಿಜಿಟಾಲಿಸ್, ಆತಂಕ ತಗ್ಗಿಸಲು ಬಾರ್ಬಿಟ್ಯುರೇಟ್ - ಇವುಗಳಲ್ಲಿ ಹಲವನ್ನು ಒಟ್ಟಿಗೆ ಕೊಡಲಾಗುತ್ತಿತ್ತು. ಬಣ್ಣಗಳು ಬೇರೆ ಬೇರೆ ಇದ್ದುದರಿಂದ ಪ್ರತಿಯೊಬ್ಬರಿಗೂ ಇದು ತನಗಾಗಿಯೇ ಲೆಕ್ಕಹಾಕಿ ಕೊಟ್ಟ ಚಿಕಿತ್ಸೆ ಎನಿಸುತ್ತಿತ್ತು.

ಪ್ರತ್ಯೇಕವಾಗಿ ನೋಡಿದರೆ ಇವೆಲ್ಲ ಆಸ್ಪತ್ರೆಯಲ್ಲಿ ಬಳಕೆಯಲ್ಲಿದ್ದ ಔಷಧಗಳೇ. ಒಟ್ಟಿಗೆ ಸೇರಿದಾಗ ಏನಾಗುತ್ತದೆ ನೋಡಿ. ಮೂತ್ರವರ್ಧಕ ನೀರನ್ನು ಹೊರಹಾಕುತ್ತದೆ. ತಕ್ಕಡಿಯ ಮುಳ್ಳು ಮರುದಿನವೇ ಕೆಳಗಿಳಿಯುತ್ತದೆ, ರೋಗಿಗೆ ಖುಷಿ. ಆದರೆ ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತದೆ. ಭೇದಿಯಿಂದ ಇನ್ನಷ್ಟು ಹೋಗುತ್ತದೆ. ಇನ್ನು ಡಿಜಿಟಾಲಿಸ್. ಇದು ಫಾಕ್ಸ್‌ಗ್ಲವ್ ಗಿಡದಿಂದ ಬಂದದ್ದು. 1785ರಲ್ಲಿ ವಿಲಿಯಂ ವಿದರಿಂಗ್ ಇದನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಹೃದ್ರೋಗಕ್ಕೆ ಬೆಲೆಬಾಳುವ ಔಷಧ, ಆದರೆ ಗುಣಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ತೂಕಕ್ಕೆ ಇದನ್ನು ಏಕೆ ಸೇರಿಸಿದರು? ಅದು ಓಕರಿಕೆ ತಂದು ಊಟ ಸೇರದಂತೆ ಮಾಡುತ್ತದೆ! ಓಕರಿಕೆ ವಿಷ ಏರುತ್ತಿರುವುದರ ಮೊದಲ ಸೂಚನೆ. ಅದನ್ನೇ ಇಲ್ಲಿ ಗುಣವೆಂದು ಬಳಸಿಕೊಂಡರು.

ಡಿಜಿಟಾಲಿಸ್ ಹೃದಯದ ಕೋಶಗಳಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ತಡೆಯುತ್ತದೆ. (ಈ ಪಂಪನ್ನು 1957ರಲ್ಲಿ ಗುರುತಿಸಿದ ಡೆನ್ಮಾರ್ಕಿನ ಜೆನ್ಸ್ ಸ್ಕೌ ಅವರಿಗೆ ನೊಬೆಲ್ ಸಿಕ್ಕಿದ್ದು ನಲವತ್ತು ವರ್ಷಗಳ ನಂತರ.) ಪಂಪಿನ ಹೊರಬದಿಯಲ್ಲಿ ಕೂರಲು ಡಿಜಿಟಾಲಿಸ್‌ಗೂ ಪೊಟ್ಯಾಸಿಯಂಗೂ ಪೈಪೋಟಿ. ರಕ್ತದಲ್ಲಿ ಪೊಟ್ಯಾಸಿಯಂ ಕುಸಿದರೆ ಡಿಜಿಟಾಲಿಸ್‌ಗೆ ಎದುರಾಳಿಯೇ ಇಲ್ಲ. ನಿನ್ನೆ ಸಹಿಸಬಹುದಾಗಿದ್ದ ಪ್ರಮಾಣವೇ ಇಂದು ವಿಷ. ಹೃದಯ ತಾಳ ತಪ್ಪುತ್ತದೆ. ಅದೇ ಹೊತ್ತಿನಲ್ಲಿ ಥೈರಾಯಿಡ್ ಮತ್ತು ಆಂಫೆಟಮೀನ್ ಎರಡೂ ಆ ಹೃದಯವನ್ನು ಓಡು ಓಡು ಎಂದು ದೂಡುತ್ತಿರುತ್ತವೆ. ಬಾರ್ಬಿಟ್ಯುರೇಟ್ ಮಾಡುವ ಕೆಲಸ ಇನ್ನೂ ಕೆಟ್ಟದ್ದು: ಎದೆಬಡಿತ, ನಡುಕ, ನಿದ್ರೆಗೇಡುಗಳಿಂದ ಸಿಗಬೇಕಾದ ಎಚ್ಚರಿಕೆಯನ್ನು ಅದು ಮರೆಮಾಚುತ್ತದೆ. ಈ ಮಿಶ್ರಣವನ್ನು ಯೋಚಿಸಿ ಮಾಡಿದವರಿಗೆ ಶರೀರವಿಜ್ಞಾನ ಗೊತ್ತಿರಲಿಲ್ಲ ಎನ್ನಲಾಗದು. ಗೊತ್ತಿದ್ದೂ ಮಾರಿದರು ಎಂಬುದೇ ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ಸಾವುಗಳು ವರದಿಯಾದವು. 1968ರಲ್ಲಿ ಸೆನೆಟ್ಟಿನ ಉಪಸಮಿತಿಯೊಂದು ಫಿಲಿಪ್ ಹಾರ್ಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಸಿತು. ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಇಂಥ ಮಿಶ್ರಣಗಳ ಮೇಲೆ ಕ್ರಮ ಕೈಗೊಂಡಿತು. 1971ರಲ್ಲಿ ಆಂಫೆಟಮೀನ್ ಬಿಗಿ ನಿಯಂತ್ರಣಕ್ಕೆ ಒಳಪಟ್ಟಿತು. ಆ ಬಗೆಯ ಮಾತ್ರೆಗಳು ಮುಂದೆ ಬೇರೆ ದೇಶಗಳಲ್ಲಿ ತಲೆಯೆತ್ತಿದವು. 2006ರಲ್ಲಿ ಬ್ರೆಜಿಲ್‌ನಿಂದ ಬಂದ 'ನೈಸರ್ಗಿಕ' ಮಾತ್ರೆಗಳಲ್ಲಿ ಆಂಫೆಟಮೀನ್ ತರಹದ ಉತ್ತೇಜಕ ಮತ್ತು ಆತಂಕ ತಗ್ಗಿಸುವ ಔಷಧ ಪತ್ತೆಯಾಗಿವೆ ಎಂದು ಎಫ್‌ಡಿಎ ಎಚ್ಚರಿಸಿತು. ಡಬ್ಬಿಯ ಮೇಲೆ ಎಲೆಯ ಚಿತ್ರವಿದ್ದ ಮಾತ್ರಕ್ಕೆ ಒಳಗಿರುವುದು ಎಲೆಯೇ ಆಗಬೇಕಿಲ್ಲ.

1992ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ಮೈಕೆಲ್ ವೈನ್‌ಟ್ರಾಬ್ 121 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಫೆನ್‌ಫ್ಲುರಮಿನ್ ಮತ್ತು ಫೆಂಟರ್ಮಿನ್ ಜೋಡಿಯಾಗಿ ಕೊಟ್ಟರೆ ತೂಕ ಇಳಿಯುತ್ತದೆ ಎಂಬುದು ಅದರ ಸಾರ. ಅಮೆರಿಕದಲ್ಲಿ ಈ ಜೋಡಿಗೆ 'ಫೆನ್-ಫೆನ್' ಎಂಬ ಅಡ್ಡಹೆಸರೇ ಬಂತು. 1996ರ ಒಂದೇ ವರ್ಷದಲ್ಲಿ ಬರೆದ ಚೀಟಿಗಳು ಸುಮಾರು 1 ಕೋಟಿ 80 ಲಕ್ಷ. ಅಧ್ಯಯನಕ್ಕೆ ಆಯ್ದವರು ಬೊಜ್ಜಿನ ರೋಗಿಗಳು. ಬಳಸಿದವರಲ್ಲಿ ಮದುವೆಗೋ ಸಮಾರಂಭಕ್ಕೋ ಕೆಲವೇ ಕಿಲೋ ಇಳಿಸಬೇಕಾದವರೂ ಇದ್ದರು. 1997ರಲ್ಲಿ ಮೇಯೋ ಕ್ಲಿನಿಕ್ ಸೇರಿದಂತೆ ಕೆಲವು ಕಡೆಯ ವೈದ್ಯರು ಈ ಔಷಧ ಸೇವಿಸಿದ 24 ಮಹಿಳೆಯರ ಹೃದಯದ ಕವಾಟಗಳು ದಪ್ಪಗಾಗಿ ಸೋರುತ್ತಿರುವುದನ್ನು ವರದಿ ಮಾಡಿದರು. ಅದೇ ಸೆಪ್ಟೆಂಬರಿನಲ್ಲಿ ಫೆನ್‌ಫ್ಲುರಮಿನ್ ಮಾರುಕಟ್ಟೆಯಿಂದ ಹೊರಬಿತ್ತು. ಕುತೂಹಲದ ಸಂಗತಿ ಎಂದರೆ, 2020ರಲ್ಲಿ ಅದೇ ಔಷಧ ಮತ್ತೆ ಅನುಮತಿ ಪಡೆಯಿತು. ಈ ಬಾರಿ ಡ್ರಾವೆ ಸಿಂಡ್ರೋಮ್ ಎಂಬ, ಮಕ್ಕಳನ್ನು ಕಾಡುವ ತೀವ್ರ ಅಪಸ್ಮಾರಕ್ಕೆ, ಕಾಲಕಾಲಕ್ಕೆ ಹೃದಯ ಪರೀಕ್ಷೆ ಮಾಡಿಸುವ ಷರತ್ತಿನೊಡನೆ. ಅಣು ಅದೇ, ಅಪಾಯವೂ ಅದೇ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಮಾತ್ರ ಬೇರೆ.

ಸಿಬುಟ್ರಮಿನ್ ಭಾರತದಲ್ಲೂ ಮಾರಾಟವಾಗುತ್ತಿದ್ದ ಮಾತ್ರೆ. ಸುಮಾರು ಹತ್ತು ಸಾವಿರ ಜನರ ಅಧ್ಯಯನದಲ್ಲಿ ಅದು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಂಭವವನ್ನು ಹೆಚ್ಚಿಸುವುದು ಕಂಡುಬಂತು. 2010ರಲ್ಲಿ ಯುರೋಪು, ಅಮೆರಿಕಗಳಲ್ಲಿ ಅದು ನಿಂತಿತು. 2011ರಲ್ಲಿ ನಮ್ಮ ಸರ್ಕಾರವೂ ನಿಷೇಧಿಸಿತು.

ಇಂದು ಎಲ್ಲರ ಬಾಯಲ್ಲಿರುವುದು ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ಗಳ ಹೆಸರು. ಕರುಳಿನ ಹಾರ್ಮೋನನ್ನು ಅನುಕರಿಸಿ ಹೊಟ್ಟೆ ತುಂಬಿದ ಭಾವನೆ ತರುವ ಔಷಧಗಳಿವು. ಹಿಂದಿನವಕ್ಕಿಂತ ಬಹಳ ಕೂಲಂಕಷವಾಗಿ ಪರೀಕ್ಷೆಯಾಗಿವೆ. ಇವನ್ನು ಡೈನೈಟ್ರೊಫಿನಾಲ್ ಸಾಲಿಗೆ ಸೇರಿಸುವುದು ಅನ್ಯಾಯ. ಸೆಮಾಗ್ಲುಟೈಡ್ ಪಡೆದವರು 68 ವಾರಗಳಲ್ಲಿ ಸರಾಸರಿ ಶೇಕಡ 15ರಷ್ಟು ತೂಕ ಇಳಿಸಿಕೊಂಡರು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂತು. ಆ ಪರೀಕ್ಷೆಗೆ ಸೇರಿಸಿಕೊಂಡದ್ದು ದೇಹತೂಕ ಸೂಚ್ಯಂಕ 30 ಅಥವಾ ಹೆಚ್ಚು ಇದ್ದವರನ್ನು. ತೂಕಕ್ಕೆ ಸಂಬಂಧಿಸಿದ ಬೇರೆ ಕಾಯಿಲೆ ಇದ್ದರೆ 27 ಮೀರಿದವರನ್ನು. ನಮ್ಮ ಲೆಕ್ಕದ ವಿದ್ಯಾರ್ಥಿನಿಯ 22.7 ಅದರಲ್ಲಿ ಎಲ್ಲಿಯೂ ಬರುವುದಿಲ್ಲ.