ಸಿಟಿ ಕಾರಿನ ಎರಡು ಮುಖಗಳು

ಹೋಂಡಾ ಸಿಟಿ 1998ರಲ್ಲಿ ಭಾರತದ ರಸ್ತೆಗಿಳಿದಾಗ ಮಧ್ಯಮ ಗಾತ್ರದ ಸೆಡಾನ್ ಎಂದರೆ ಹಿಂದಿನ ಸೀಟಿನವರ ಗಾಡಿ ಎಂಬ ನಂಬಿಕೆಯಿತ್ತು. ಆ ಕಾರು ಚಾಲಕನ ಪರ ನಿಂತಿತು: ತಗ್ಗಿದ ಸೀಟು, ಹಗುರ ಮೈಕಟ್ಟು, ಹೆದರದೆ ಮೇಲೇರುವ ಎಂಜಿನ್. 2000ದಲ್ಲಿ ಬಂದ 1.5 ಲೀಟರ್ ವಿಟೆಕ್‌ನ ಶಕ್ತಿ 106 ಅಶ್ವಶಕ್ತಿ. ವೇಗ ಹೆಚ್ಚಿದಂತೆ ಕವಾಟಗಳು ಇನ್ನಷ್ಟು ಅಗಲವಾಗಿ, ಹೆಚ್ಚು ಹೊತ್ತು ತೆರೆದು ಎಂಜಿನ್‌ಗೆ ಧಾರಾಳವಾಗಿ ಗಾಳಿ ಕೊಡುವುದೇ ಅದರ ಗುಟ್ಟು. ರ‍್ಯಾಲಿಪಟುಗಳು ಅದನ್ನು ಮೆಚ್ಚಿದ್ದು ಸುಮ್ಮನೆ ಅಲ್ಲ. 2003ರ ಎರಡನೆಯ ಪೀಳಿಗೆ ಇದಕ್ಕೆ ಬೆನ್ನು ತಿರುಗಿಸಿತು. ಎತ್ತರದ ಮೈ, ವಿಶಾಲ ಒಳಾಂಗಣ, ಮೈಲೇಜಿಗಾಗಿ ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ಶಕ್ತಿ ಮಾತ್ರ 77ಕ್ಕೆ ಕುಸಿಯಿತು.

ಗ್ರಾಹಕ ಬಯಸಿದ್ದೇ ಮೈಲೇಜು, ಕಂಪನಿಯದೇನು ತಪ್ಪು ಎನ್ನಬಹುದು. ಆ ಕಾರು ಚೆನ್ನಾಗಿ ಮಾರಾಟವಾದದ್ದೂ ನಿಜ. ಆದರೆ ಬೇಡಿಕೆ ಅಷ್ಟೇ ಆಗಿದ್ದರೆ ಕೆಲವೇ ವರ್ಷಗಳಲ್ಲಿ ಅದೇ ಮೈಗೆ ವಿಟೆಕ್ ಮರಳುತ್ತಿರಲಿಲ್ಲ. 2008ರ ಮೂರನೆಯ ಪೀಳಿಗೆ 118 ಅಶ್ವಶಕ್ತಿಯೊಂದಿಗೆ ಬರುತ್ತಿರಲಿಲ್ಲ. 2014ರಲ್ಲಿ ಡೀಸೆಲ್, 2020ರಲ್ಲಿ 121 ಅಶ್ವಶಕ್ತಿಯ ಪೆಟ್ರೋಲ್, 2022ರಲ್ಲಿ ಹೈಬ್ರಿಡ್ ಬಂದವು. ಅಂಕಿಗಳು ಏರಿದವು ನಿಜ, ಜೊತೆಗೆ ಗಾತ್ರ, ತೂಕವೂ ಏರಿದವು. ಚುರುಕುತನವನ್ನು ಅಶ್ವಶಕ್ತಿಯೊಂದರಿಂದಲೇ ಅಳೆಯಲಾಗದು. ಇಂದಿನ ಸಿಟಿ ಹೆಚ್ಚು ಸುರಕ್ಷಿತ, ಹೆಚ್ಚು ಆರಾಮದಾಯಕ. ಚಾಲಕನ ಕಾರು ಎಂಬ ಹೆಸರಿಗೆ ಮಾತ್ರ 2000ದ ವಿಟೆಕ್ಕೇ ಹೆಚ್ಚು ಅರ್ಹ.